ಅಜ್ಜನವರು ಸೋತ ದಿನ

ಪರಮಪೂಜ್ಯ ಶ್ರೀ ನಿರಂಜನ ಅಜ್ಜನವರ ಮಠವೆಂದರೆ ಹೊಳೆಯ ದಂಡೆಯ ಮೇಲೊಂದು ಮಣ್ಣಿನ ಮನೆ, ಎದುರಿಗೊಂದು ಬೇವಿನ ಮರ. ಇಷ್ಟೇ. ಮರದಡಿ ಕಂಬಳಿ ಹಾಸಿ ಪೂಜ್ಯರು ಕುಳಿತರೆಂದರೆ ಊರಿನ ಸಭೆ ಸೇರಿತೆಂದೇ ಅರ್ಥ. ಆ ಸಭೆಗೆ ಅವರೇ ಹಾಕಿಕೊಟ್ಟ ಪದ್ಧತಿಯೊಂದಿತ್ತು. ಯಾರ ಮಾತಿಗೆ ತೂಕ ಹೆಚ್ಚೋ ಅವರು ಕೊನೆಗೆ ಮಾತಾಡಬೇಕು. ಹೀಗಾಗಿ ಅಜ್ಜನವರ ಪಾಳಿ ಯಾವಾಗಲೂ ಕಟ್ಟಕಡೆಗೆ.

ಒಂದು ದಿನ ಫಕೀರಗೌಡರು ಶಾಲು, ತೆಂಗಿನಕಾಯಿ ಹಿಡಿದು ಅಲ್ಲಿಗೆ ಬಂದರು. ಗೌಡರು ಕೆಟ್ಟವರೇನಲ್ಲ. ಊರಿಗೆ ಶಾಲೆ ತಂದವರು, ದೀಪ ಹಾಕಿಸಿದವರು. ಎಷ್ಟೋ ವರ್ಷಗಳಿಂದ ಪಂಚಾಯತಿಗೆ ಅವಿರೋಧವಾಗಿಯೇ ಆರಿಸಿ ಬರುತ್ತಿದ್ದರು. ಈ ಸಲ ಅಂಬಿಗರ ಓಣಿಯ ಬಾಳವ್ವ ಅವರ ಎದುರು ನಿಂತಿದ್ದಳು. ಅದು ಅವರಿಗೆ ನುಂಗಲಾರದ ತುತ್ತಾಗಿತ್ತು.

"ಓದು ಬರದಾಕಿ ಬಾಳಿ ಊರು ನಡಸ್ತಾಳೇನ್ರೀ ಅಪ್ಪಾರ? ಎಲ್ಲಾರ ತಲೀನೂ ಒಂದ ತೂಕ ಏನು? ನಿಮ್ಮ ಬಾಯಿಂದ ನನ್ನ ಹೆಸರು ಬಂದ್ರ ಸಾಕು, ಎಲ್ಲಾರೂ ನನಗ ಮತ ಹಾಕ್ತಾರ."

"ಕೂಡ್ರಿ ಗೌಡ್ರ," ಎಂದರು ಪೂಜ್ಯರು. "ಸಭಾ ಮುಗೀಲಿ."

ಅಂದು ಹೊಳೆಗೆ ಮೆಟ್ಟಿಲು ಎಲ್ಲಿ ಕಟ್ಟಬೇಕೆಂಬ ಮಾತು ನಡೆದಿತ್ತು. ಮೊದಲ ಪಾಳಿ ಹೆಂಗಸರದು. ಅವರು ನಾಚಿಕೊಂಡು "ಎಲ್ಲೆರ ಆಗ್ಲಿ" ಎಂದುಬಿಟ್ಟಿದ್ದರು. ಕೊನೆಗೆ ಅಜ್ಜನವರು ಹೇಳಿದರು: "ಮಠದ ಎದುರಿಗೇ ಆಗ್ಲಿ. ಮುದುಕರಿಗೆ ನಡಿಯೂದು ತಪ್ಪತೈತಿ."

ಗೌಡರು ಎದ್ದು ನಿಂತರು. "ಅಜ್ಜಾರು ಹೇಳಿದ ಮ್ಯಾಲೆ ಮುಗೀತು. ಏಳ್ರಿ, ಏಳ್ರಿ." ಜನ ಮೈ ಝಾಡಿಸಿ ಏಳತೊಡಗಿದರು.

ಪೂಜ್ಯರು ಕೈಯೆತ್ತಿ ತಡೆದರು. "ಬ್ಯಾರೆ ಹೇಳಾವ್ರು ಇನ್ನೂ ಯಾರೆರ ಅದಾರೇನು?"

ಏಳುತ್ತಿದ್ದವರು ಮತ್ತೆ ಕುಳಿತರು. ಅಜ್ಜನವರು ಒಬ್ಬೊಬ್ಬರ ಮುಖ ನೋಡುತ್ತ ಕಾದರು. ಕೊನೆಗೆ ಹೆಂಗಸರ ನಡುವೆ ಕುಳಿತಿದ್ದ ಬಾಳವ್ವ ಸೆರಗು ಸರಿಮಾಡಿಕೊಂಡಳು. "ತಪ್ಪ ತಿಳಕೋಬ್ಯಾಡ್ರಿ ಅಜ್ಜಾರ. ಮಠಕ್ಕ ಬಂದು ಹೋಗಾವ್ರ ಕಣ್ಣ ಮುಂದ ನಾವು ಹೆಣಮಕ್ಕಳು ಹೆಂಗ ಮೈ ತೊಳಕೊಳ್ಳೂದ್ರಿ? ಆ ಹುಣಸೀಮರದ ಮರಿಗೆ ಕಟ್ಟಿಸ್ರಿ."

ಎಂಥ ಎದೆಗಾರಿಕೆ ಇವಳದು, ಎಂದು ಗೌಡರ ಮೈ ಉರಿಯಿತು. ಆದರೆ ಅಜ್ಜನವರ ಮುಖ ಅರಳಿತು. "ಅಯ್ಯ ನನ್ನವ್ವಾ, ಇಷ್ಟು ವರ್ಷ ನನಗಿದು ಹೊಳೀಲೇ ಇಲ್ಲಲ್ಲ!" ಎಂದು ಎಲ್ಲರಿಗೂ ಕೈಯೆತ್ತಲು ಹೇಳಿದರು. ಮಠದ ಕಡೆಗೆ ಎದ್ದದ್ದು ಗೌಡರ ಕೈ, ಜೊತೆಗೆ ಒಬ್ಬಿಬ್ಬರು ಮುದುಕರದು ಅಷ್ಟೇ. ಊರು ದೇವರೆಂದು ನಂಬಿದ್ದ ಅಜ್ಜನವರು ಸೋತಿದ್ದರು.

ಪೂಜ್ಯರು ಎದ್ದು, ಮೆಟ್ಟಿಲಿಗೆಂದು ಮಠದ ಮುಂದೆ ಒಟ್ಟಿದ್ದ ಕಲ್ಲುಗಳಲ್ಲಿ ಮೊದಲನೆಯದನ್ನು ತಾವೇ ಹೆಗಲಿಗೇರಿಸಿ ಹುಣಸೆಮರದತ್ತ ನಡೆದರು. ಗೌಡರು ಬೆನ್ನು ಹತ್ತಿದರು. "ನೀವು ಗಟ್ಟ್ಯಾಗಿ ಒಂದು ಮಾತು ಅಂದಿದ್ರ ಎಲ್ಲಾರೂ ಕೇಳ್ತಿದ್ರಲ್ರೀ!"

"ಕೇಳ್ತಿದ್ರು, ಗೌಡ್ರ. ಆಮ್ಯಾಲೆ ನನ್ನ ತಪ್ಪು ನನಗ ಯಾರು ಹೇಳ್ತಿದ್ರು?"

ಗೌಡರ ಕಾಲು ಅಲ್ಲೇ ನಿಂತವು. ಇಷ್ಟು ವರ್ಷ ತಮಗೆ ಯಾರೂ ಒಂದು ಎದುರು ಮಾತು ಆಡಿರಲಿಲ್ಲ. ಅದನ್ನು ಅವರು ಗೌರವವೆಂದೇ ತಿಳಿದಿದ್ದರು! ತಮ್ಮ ತಪ್ಪುಗಳು ಇನ್ನೆಷ್ಟು ಓಣಿಗಳಲ್ಲಿ ಸದ್ದಿಲ್ಲದೆ ಬಿದ್ದಿವೆಯೋ ಎಂದು ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಶಾಲು, ಕಾಯಿ ಪೂಜ್ಯರ ಕಂಬಳಿಯ ಮೇಲಿಟ್ಟು ಬಂದರು. ಹೆಸರಿನ ಮಾತು ಮತ್ತೆ ಎತ್ತಲಿಲ್ಲ.

ಆ ಚುನಾವಣೆಯಲ್ಲಿ ಬಾಳವ್ವ ಗೆದ್ದಳು. ಮರುದಿನ ಬೆಳಿಗ್ಗೆ ಅವಳು ಹೊಳೆಗೆ ಬಂದಾಗ ಹುಣಸೆಮರದಡಿ ಫಕೀರಗೌಡರು ಕಲ್ಲು ಹೊತ್ತು ನಿಂತಿದ್ದರು.

"ಅಯ್ಯ ಗೌಡ್ರ, ನೀವ್ಯಾಕ ಹೊರಾಕ ಹತ್ತೀರಿ?"

"ಸೋತಾವ್ರು ಮೊದಲ ಹೊರಬೇಕು. ಇದು ಅಜ್ಜಾರು ತೋರಿಸಿದ ದಾರಿ," ಎಂದರು ಗೌಡರು. ನಂತರ, ಅಂಬಿಗರ ಓಣಿಯವರನ್ನು ಎಂದೂ ಬಹುವಚನದಲ್ಲಿ ಕರೆಯದ ಅದೇ ಬಾಯಿಂದ ಕೇಳಿದರು: "ಎಲ್ಲಿ ಇಡ್ಲಿ ಹೇಳ್ರಿ, ಬಾಳವ್ವಾರ."