ಗಾಳಿಸುದ್ದಿ ನಂಬದ ಪೊದೆ

ಮರಳುಗಾಡಿನ ಎಳೆಯ ಪೊದೆಯೊಬ್ಬಳಿಗೆ ತನ್ನ ಹೊಸ ಚಿಗುರೆಂದರೆ ಪ್ರಾಣ. ತನ್ನ ಬುದ್ಧಿಯೆಂದರೆ ಪ್ರಾಣಕ್ಕಿಂತ ಒಂದು ತೂಕ ಹೆಚ್ಚು. ಒಂದು ಬೆಳಿಗ್ಗೆ ಗಾಳಿಯಲ್ಲಿ ಏನೋ ಘಾಟು ವಾಸನೆ ತೇಲಿ ಬಂತು. ಪಕ್ಕದ ಹಳೇ ಪೊದೆ ಮುಳ್ಳಜ್ಜಿ ಗಡಬಡಿಸಿದಳು.

"ಏ ಹುಡುಗಿ, ಮೇಲಿನ ದಿಬ್ಬದ ಪೊದೆಗಳನ್ನ ಒಂಟೆ ಮೇಯ್ತಾ ಇದೆಯಂತೆ! ಬೇಗ ಎಲೆಗೆ ಕಹಿ ತುಂಬಿಕೋ!"

"ಯಾರು ಹೇಳಿದ್ದು ಅಜ್ಜಿ?"

"ಗಾಳಿ ಹೇಳ್ತು ಕಣೇ. ಕಚ್ಚಿಸಿಕೊಂಡವರು ಬಿಡೋ ವಾಸನೆ ಇದು."

"ಅಂದರೆ ಬರೀ ಗಾಳಿಸುದ್ದಿ! ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಇದನ್ನು ನಂಬಿ ನನ್ನ ಸಿಹಿ ಚಿಗುರು ಕೆಡಿಸಿಕೊಳ್ಳಲೇ? ಖಚಿತ ಸುದ್ದಿ ಬರಲಿ, ನೋಡೋಣ."

ಖಚಿತ ಸುದ್ದಿ ನಾಲ್ಕು ಕಾಲಿನ ಮೇಲೆ ನಡೆದು ಬಂತು. ಮುಳ್ಳಜ್ಜಿಯ ಒಂದೆಲೆ ಕಚ್ಚಿ, ಥೂ ಎಂದು ಉಗಿದು, ಎಳೆಯ ಪೊದೆಯತ್ತ ಕತ್ತು ಚಾಚಿತು.

"ಸ್ವಾಮಿ, ತಾವು ನಿಜವಾಗಿಯೂ ಒಂಟೆಯೇ?" ಎಂದು ಅವಳು ಕೇಳಿದಳು.

"ಸಂಶಯವೇ ಬೇಡ ತಾಯಿ," ಎಂದಿತು ಒಂಟೆ, ಬಾಯಿ ತುಂಬ ಚಿಗುರು ಇಟ್ಟುಕೊಂಡೇ. "ಎಲ್ಲರೂ ನಿನ್ನಷ್ಟು ವಿಚಾರವಂತರಾಗಿದ್ದರೆ ನಮ್ಮ ಹೊಟ್ಟೆಪಾಡು ಎಷ್ಟು ಸಲೀಸು!"

ಬೋಳು ಕಡ್ಡಿಗಳಷ್ಟೇ ಉಳಿದಾಗ ಒಂಟೆ ಜೋರಾಗಿ ತೇಗಿತು. ಜಗಿದ ಚಿಗುರಿನ ಘಾಟು ಹೊತ್ತ ಆ ತೇಗು ಗಾಳಿಗೆ ಸಿಕ್ಕಿ ಕೆಳಗಿನ ಪೊದೆಯ ಮೂಗಿಗೆ ಬಡಿಯಿತು.

"ಅಯ್ಯೋ, ಯಾರೇ ಅದು ಕಚ್ಚಿಸಿಕೊಂಡಿದ್ದು?" ಎಂದಳು ಆಕೆ, ಲಗುಬಗೆಯಿಂದ ಎಲೆಗೆ ಕಹಿ ತುಂಬಿಕೊಳ್ಳುತ್ತ.

"ನಾನೇ ಕಣೇ," ಎಂದಳು ಬೋಳು ಪೊದೆ ಸಣ್ಣ ದನಿಯಲ್ಲಿ. "ಖಚಿತ ಸುದ್ದಿ."