ಮುದುರಿದ ಮೆಣಸಿನ ಗಿಡವೂ ದೊಡ್ಡತಾಯಮ್ಮನ ಹುಂಜವೂ

ಯಾವ ಕಾಲವೋ, ಯಾವ ಸೀಮೆಯೋ, ಕೇಳಿದರೆ ನನಗೂ ಗೊತ್ತಿಲ್ಲ. ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ. ಮನೆಯಲ್ಲಿ ಮಾತಿಗಿದ್ದ ಜೀವ ಅಂದರೆ ಒಂದು ಕೆಂಪು ಹುಂಜ. ಅದಕ್ಕೆ ಮಾತು ಬರುತ್ತಿತ್ತು, ಬಾಯಿ ಅಂದರೆ ಅಂತಿಂಥಾ ಬಾಯಲ್ಲ!

ಹಿತ್ತಲ ಮೆಣಸಿನ ಗಿಡಗಳಿಗೆ ಅದೇನಾಯಿತೋ, ಎಲೆಗಳೆಲ್ಲ ಮುದುರಿಕೊಂಡವಂತೆ. ಗಿಡ ಮೇಲೇಳಲಿಲ್ಲ, ಹೂ ಕಚ್ಚಲಿಲ್ಲ. ನೀರು ಹಾಕಿದಳು, ಮುದುರಿತು. ಗೊಬ್ಬರ ಹಾಕಿದಳು, ಇನ್ನೂ ಮುದುರಿತು. ಯಾರ ಕಣ್ಣು ಬಿತ್ತೋ ಅಂತ ಹಳೇ ಎಕ್ಕಡ ಕಟ್ಟಿದಳು. ಎಕ್ಕಡಕ್ಕೂ ಕ್ಯಾರೇ ಅನ್ನದೆ ಮುದುರಿತು.

ಕೊನೆಗೆ ಪೂಜಾರಿ ಕಾಳಯ್ಯನ ಹತ್ತಿರ ಹೋದಳಂತೆ. ಅವನ ಮೈಮೇಲೆ ಊರಮ್ಮ ಬರುತ್ತಿದ್ದಳು. ಅದೇನು ಸೋಜಿಗವೋ, ಬಂದಾಗಲೆಲ್ಲ ಅಮ್ಮನಿಗೆ ಬಾಡೂಟದ ಆಸೆ!

"ನಾನು ಮುನಿದಿದ್ದೀನಿ ಕಣೇ, ಅದಕ್ಕೇ ಎಲೆ ಮುದುರಿದೆ. ನಿನ್ನ ಕೆಂಪು ಹುಂಜ ಕೊಡು, ಒಲಿದು ಚಿಗುರಿಸ್ತೀನಿ!"

ದೊಡ್ಡತಾಯಮ್ಮನಿಗೆ ಹುಂಜ ಕೊಡಲು ಮನಸ್ಸಿಲ್ಲ. ಆದರೂ ಅಮ್ಮನ ಮಾತು ಮೀರೋದುಂಟೇ? ಗೊಳೋ ಅಂತ ಅಳುತ್ತ ಮನೆಗೆ ಬಂದು ಹುಂಜದ ಕಾಲು ಕಟ್ಟಿ, ಮೆಣಸಿನ ಗಿಡದ ಬುಡದಲ್ಲಿ ಮಲಗಿಸಿದಳು.

ಹುಂಜ ಅಂಗಾತ ಬಿದ್ದು ಮೇಲೆ ನೋಡಿತಂತೆ. "ಅವ್ವಾ, ಅಳೋದು ಆಮೇಲೆ ಇರಲಿ! ಇಷ್ಟು ದಿನ ಎಲೆಯ ಬೆನ್ನು ನೋಡಿದೆಯಲ್ಲ, ಹೊಟ್ಟೆ ನೋಡಿದೆಯಾ? ಬಗ್ಗು!"

ಬಗ್ಗಿ ಎಲೆ ಮಗುಚಿದಳು. ಅಯ್ಯೋ ಶಿವನೇ! ಅಡಿಯಲ್ಲೆಲ್ಲ ಹಸಿರು ಹೇನು, ಗಿಜಿಗಿಜಿ ಅಂತ ಕೂತು ರಸ ಹೀರುತ್ತಿವೆ. ಇರುವೆಗಳು ಬೇರೆ ಅವುಗಳ ಕಾವಲಿಗೆ.

"ನಿನ್ನ ತಲೆಗೆ ಹೇನು ಬಿದ್ದಾಗ ನಿಮ್ಮವ್ವ ಯಾವ ಹುಂಜ ಕೊಯ್ದಿದ್ದಳು?" ಅಂದಿತಂತೆ ಹುಂಜ.

ದೊಡ್ಡತಾಯಮ್ಮ ಹಗ್ಗ ಬಿಚ್ಚಿದಳು, ಹುಂಜವನ್ನು ಎದೆಗವಚಿಕೊಂಡಳು. ಬೇವಿನ ಬೀಜ ಕುಟ್ಟಿ ನೆನೆಹಾಕಿ, ಸೋಸಿದ ನೀರನ್ನು ಎಲೆಯಡಿಗೆಲ್ಲ ಎರಚಿದಳು. ತೀರಾ ಕೆಟ್ಟ ಕುಡಿಗಳನ್ನು ಚಿವುಟಿ ಒಲೆಗೆ ಹಾಕಿದಳು. ಮತ್ತೆ ಎರಚಿದಳು, ಮತ್ತೆ ಚಿವುಟಿದಳು. ಬರಬರುತ್ತ ಹೊಸ ಚಿಗುರು ನೆಟ್ಟಗೆ ಬಂತು, ಹೂವೂ ಕಚ್ಚಿತು.

ಅಷ್ಟು ಹೊತ್ತಿಗೆ, ಬಾಡೂಟಕ್ಕೆ ಕಾದು ಕಾದು ಸಾಕಾಗಿ, ಕಾಳಯ್ಯ ಕತ್ತಿ ಹಿಡಿದು ಬಂದನಂತೆ. ಹಿತ್ತಲಲ್ಲಿ ಹುಂಜ ಅಡ್ಡಾಡುವುದು ಕಂಡದ್ದೇ ತಡ, ಅಮ್ಮ ಮೈಮೇಲೆ ಬಂದೇಬಿಟ್ಟಳು. "ನನ್ನ ಹುಂಜ ಇನ್ನೂ ಇಲ್ಲೇ ಇದೆಯೇನೇ? ಕೊಡದೇ ಹೋದೆಯಲ್ಲ, ಈಗ ಇನ್ನೂ ಮುನಿದಿದ್ದೀನಿ!"

ದೊಡ್ಡತಾಯಮ್ಮ ಕೈಮುಗಿದಳು. "ಅಲ್ಲ ತಾಯೀ, ನೀನು ಮುನಿದರೆ ಎಲೆ ಮುದುರುತ್ತೆ ಅಂದೆ. ಈಗ ನೋಡು, ಎಷ್ಟು ಚೆನ್ನಾಗಿ ಅರಳಿದೆ! ಒಲಿದಿರೋಳು ನೀನಾದರೆ, ಮುನಿದಿರೋನು ಯಾರು?"

ಅಮ್ಮ ಅವನ ಮೈಯಿಂದ ಎಷ್ಟು ಬೇಗ ಇಳಿದಳೆಂದರೆ, ಕಾಳಯ್ಯ ಕತ್ತಿಯನ್ನೂ ಅಲ್ಲೇ ಬಿಟ್ಟು ಓಡಿದನಂತೆ.

ದೊಡ್ಡತಾಯಮ್ಮ ಅಲ್ಲಿ ಖಾರ ಅರೆದಳು, ನಮಗೆ ಇಲ್ಲಿ ಬಾಯಲ್ಲಿ ನೀರು.