ಗೊರವಂಕ ಕಲಿತ ಕಾಡುಮಾತು

ಊರ ಗೊರವಂಕವೊಂದು ಕಾಡುಹಕ್ಕಿಗಳ ನಾಲ್ಕು ಮಾತು ಕಲಿತು, "ನನ್ನಷ್ಟು ಭಾಷೆ ಬಲ್ಲವರು ಸುತ್ತ ಹತ್ತೂರಲ್ಲಿ ಯಾರಿದ್ದಾರೆ, ಬರಲಿ ನೋಡೋಣ!" ಎಂದು ಮೆರೆಯುತ್ತಿತ್ತು. ಒಂದು ದಿನ ಅದರ ಮರಿ ಕಾಡಿನಲ್ಲಿ ತಪ್ಪಿಸಿಕೊಂಡಿತು. ಹುಡುಕುತ್ತ ಬಂದ ಗೊರವಂಕ ಮುದಿ ಮರಕುಟಿಗವನ್ನು ಕಾಡುಮಾತಿನಲ್ಲೇ ಕೇಳಿತು: "ಶರಣು ಅಣ್ಣಾ, ಕ್ಷೇಮವೇ? ನನ್ನ ಮರಿಯನ್ನು ಕಂಡೆಯಾ?"

"ಕಂಡೆ ತಮ್ಮಾ. ಎಡಗಡೆ ಬಿದಿರುಮೆಳೆಯಲ್ಲಿ ಕೂತಿದೆ. ಬಲಕ್ಕೆ ಹೋಗಬೇಡ, ಹಾವಿದೆ," ಎಂದಿತು ಮರಕುಟಿಗ, ಅದೇ ಮಾತಿನಲ್ಲಿ.

ಗೊರವಂಕಕ್ಕೆ ಒಂದಕ್ಷರವೂ ತಿಳಿಯಲಿಲ್ಲ. ಪ್ರಶ್ನೆ ಕೇಳುವುದನ್ನು ಕಲಿತಿತ್ತೇ ಹೊರತು ಉತ್ತರ ತಿಳಿಯುವುದನ್ನು ಕಲಿತಿರಲಿಲ್ಲ. ಆದರೂ ಬಿಟ್ಟುಕೊಡದೆ, "ಹೌದೌದು" ಎಂದು ತಲೆಯಾಡಿಸಿ ಬಲಕ್ಕೇ ಹಾರಿತು. ಹಾವು ಬುಸ್ಸೆಂದಿತು. ಗೊರವಂಕ ಹಿಂದಿರುಗಿ ಬಂದು ಮತ್ತೆ, "ಶರಣು ಅಣ್ಣಾ, ಕ್ಷೇಮವೇ?" ಎಂದಿತು.

"ಎಂಥ ಕ್ಷೇಮವೋ ಮಾರಾಯ! ಹಾವು ಬಿದಿರುಮೆಳೆಯತ್ತ ಹೊರಟಿದೆ, ಓಡು!"

ಮತ್ತೆ ತಲೆಯಾಡಿಸಹೊರಟ ಗೊರವಂಕ ಮರಿಯ ನೆನಪಾಗಿ ತಡೆದು ನಿಂತಿತು. ತನ್ನ ಊರ ಭಾಷೆಯಲ್ಲೂ ಎಂದೂ ಆಡದ ಮಾತನ್ನು ಆಗ ಆಡಿತು: "ಅಣ್ಣಾ, ನನಗೆ ತಿಳಿಯಲಿಲ್ಲ."

ಆ ಊರಮಾತು ಮರಕುಟಿಗಕ್ಕೂ ತಿಳಿಯಲಿಲ್ಲ. ಗೊರವಂಕದ ಇಳಿಬಿದ್ದ ರೆಕ್ಕೆ ತಿಳಿಯಿತು. ಮರಕುಟಿಗ ಮುಂದೆ ಹಾರಿತು, ಗೊರವಂಕ ಹಿಂದೆ. ಹಾವು ಬರುವುದಕ್ಕೆ ಒಂದು ಗಳಿಗೆ ಮೊದಲೇ ಎರಡೂ ಮರಿಯ ಬಳಿ ಇದ್ದವು.